ಬಾಕಿಮಾರು ಗದ್ದೆಯ ಮೇಲಣ ಆಕಾಶ

ದೀಪಾವಳಿಯಿಂದ ಪತ್ತನಾಜೆಯವರೆಗೆ, ಎಂದರೆ ಏಣೆಲು ಬೆಳೆಯ ತೆನೆ ಅಂಗಳ ಸೇರಿದಂದಿನಿಂದ ಬೇಷ ತಿಂಗಳ ಹತ್ತನೆಯ ದಿನ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ದೈವಗಳ ಭಂಡಾರ ಒಳಗೇರುವ ತನಕ, ನಮ್ಮ ತುಳುನಾಡಿನ ಗದ್ದೆಗಳಿಗೆ ಎರಡನೆಯದೊಂದು ಬಾಳು ಉಂಟು. ನಿನ್ನೆಯವರೆಗೆ ದನಗಳು ಕೂಳೆ ಮೇಯುತ್ತಿದ್ದ ಬಾಕಿಮಾರು ಗದ್ದೆಯೊಂದು ಬೆಳಗಿನೊಳಗೆ ಸಮತಟ್ಟಾಗಿ, ಮಧ್ಯಾಹ್ನಕ್ಕೆ ಚಪ್ಪರವೆದ್ದು, ಇಳಿಹೊತ್ತಿಗೆ ಜನರೇಟರಿನ ಗುಡುಗುಡು ಕೇಳತೊಡಗಿ, ದೀಪ ಹಚ್ಚುವ ಸಮಯಕ್ಕೆ ಐಸ್‌ಕ್ಯಾಂಡಿ, ಗೋಳಿಬಜೆ, ಚರುಮುರಿ, ಬಳೆ, ಬಲೂನುಗಳ ಅಂಗಡಿಸಾಲಿನಿಂದ ಪರಿವೃತವಾದ ಒಂದು ಪುಟ್ಟ ಪೇಟೆಯೇ ಆಗಿ, ಮರುದಿನ ಸೂರ್ಯೋದಯವಾಗುತ್ತಲೇ ಮತ್ತೆ ಗದ್ದೆಯಾಗಿಬಿಡುವ ಸೋಜಿಗವನ್ನು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆಗಳ ಜನಕ್ಕೆ ಯಾರೂ ವರ್ಣಿಸಿ ಹೇಳಬೇಕಾಗಿಲ್ಲ. ಹರಕೆಯಾಟ, ನೇಮ, ಕಂಬಳ, ನಾಟಕ, ಯಾವುದಕ್ಕಾದರೂ ಇದೇ ಒಂದಿರುಳಿನ ಪೇಟೆ. ಇದಕ್ಕೆ ನೀರು ಪಕ್ಕದ ಬಾವಿಯಿಂದಲೂ, ಬೆಳಕು ಡೀಸೆಲಿನಿಂದಲೂ, ಅಕ್ಕಿ ತೆಂಗಿನಕಾಯಿಗಳು ಊರವರ ಹೊರೆಕಾಣಿಕೆಯಿಂದಲೂ ಬಂದರೆ ಮೊದಲೆಲ್ಲ ಸಾಕಾಗುತ್ತಿತ್ತು. ಈಚೆಗೆ ಇನ್ನೊಂದು ವಸ್ತು ಬೇಕಾಗಿದೆ. ಅದನ್ನು ಊರವರು ಒಂದೇ ಶಬ್ದದಲ್ಲಿ ‘ನೆಟ್’ ಎನ್ನುತ್ತಾರೆ.

ಚಾರ್ಮಾಡಿ ಘಾಟಿಯ ಬುಡದ ಗ್ರಾಮವೊಂದರಲ್ಲಿ ನನ್ನ ಅಕ್ಕನ ಮನೆಯವರ ಹರಕೆಯಾಟವಿತ್ತು. ಪ್ರಸಂಗ ಶ್ರೀದೇವಿ ಮಹಾತ್ಮೆ. ಹರಕೆ ಹೇಳಿಕೊಂಡವನು ಅಕ್ಕನ ಮಗನೇ ಆದರೂ ಅವನಿದ್ದುದು ಗಲ್ಫಿನಲ್ಲಿ. ರಜೆ ಸಿಗಲಿಲ್ಲವಾದುದರಿಂದ ಅವನು ಆಟವನ್ನು ಫೋನಿನ ಪರದೆಯಲ್ಲೇ ನೋಡುವುದೆಂದೂ, ಅದಕ್ಕಾಗಿ ಮೂಡುಬಿದಿರೆಯಿಂದ ಇಬ್ಬರು ಹುಡುಗರು ಕ್ಯಾಮರಾ ತಂದು ನೇರಪ್ರಸಾರ ಮಾಡುವುದೆಂದೂ ನಿಶ್ಚಯವಾಗಿತ್ತು. ಚೌಕಿಪೂಜೆಯಿಂದ ಮಧುಕೈಟಭರ ವಧೆಯವರೆಗೆ ಎಲ್ಲವೂ ಸುಸೂತ್ರ. ಆಮೇಲೆ ಮಹಿಷಾಸುರನ ಪ್ರವೇಶ. ಗದ್ದೆಯ ಆಚೆಯ ಕೊನೆಯಿಂದ, ಎರಡು ಬದಿಯಲ್ಲಿ ದೊಂದಿಗಳು ಉರಿಯುತ್ತಿರಲು, ರಾಳದ ಹುಡಿಯ ಬೆಂಕಿಯುಂಡೆಗಳು ಆಳೆತ್ತರಕ್ಕೆ ಏಳುತ್ತಿರಲು, ಕೋಡು ಹೊತ್ತ ವೇಷವು ಆರ್ಭಟಿಸುತ್ತ ಜನರ ನಡುವಿನಿಂದಲೇ ರಂಗಸ್ಥಳದತ್ತ ನುಗ್ಗುವ ಆ ಗಳಿಗೆಯಲ್ಲಿ, ತೂಕಡಿಸುತ್ತಿದ್ದ ಮಕ್ಕಳು ಸಹಿತ ಎದ್ದು ನಿಂತರು. ಎದ್ದವರೆಲ್ಲರ ಕೈಯಲ್ಲೂ ಒಂದೊಂದು ಫೋನು ಮೇಲೆದ್ದಿತು. ತೆಗೆದ ಚಿತ್ರವನ್ನು ಆ ಕ್ಷಣವೇ ಮುಂಬಯಿಗೋ ಮಸ್ಕತ್ತಿಗೋ ಕಳುಹಿಸಿಬಿಡುವ ಆತುರ ಎಲ್ಲರಿಗೂ ಒಮ್ಮೆಗೇ ಬಂದಿತು. ಕ್ಯಾಮರಾದ ಹುಡುಗ ತನ್ನ ಲ್ಯಾಪ್‌ಟಾಪಿನ ಮೂಲೆಯಲ್ಲಿದ್ದ ಹಸಿರು ಗೆರೆ ಕೆಂಪಾದುದನ್ನು ನೋಡಿ ಹಣೆಗೆ ಕೈಹಚ್ಚಿದ. ಬೆಳಗ್ಗೆ ಅಳಿಯ ಫೋನು ಮಾಡಿದಾಗ ಅಂದ ಮಾತು ಇಷ್ಟೆ: “ಮಾವಾ, ನನ್ನ ಮಹಿಷಾಸುರ ಇನ್ನೂ ಗದ್ದೆಯ ನಡುವೆಯೇ ನಿಂತಿದ್ದಾನೆ.”

ಅದೇ ಇರುಳು ಚರುಮುರಿ ಗಾಡಿಯವನೊಡನೆಯೂ ನನಗೆ ಸಣ್ಣದೊಂದು ವ್ಯವಹಾರ ಬಿದ್ದಿತ್ತು. ಗಾಜಿನ ಪೆಟ್ಟಿಗೆಗೆ ಅಂಟಿಸಿದ್ದ ಚೌಕುಳಿ ಚೀಟಿಗೆ ಫೋನು ಹಿಡಿದು ಇಪ್ಪತ್ತು ರೂಪಾಯಿ ಒತ್ತಿದೆ; ಪರದೆಯ ಮೇಲೆ ವೃತ್ತವೊಂದು ತಿರುಗಿತು, ತಿರುಗಿತು, ತಿರುಗುತ್ತಲೇ ಇತ್ತು. ಅವನು ಈರುಳ್ಳಿ ಕೊಚ್ಚುವುದನ್ನು ನಿಲ್ಲಿಸದೆ, “ತಿರುಗ್ತಾ ಉಂಟಲ್ಲ, ಹೋಗುದಿಲ್ಲ ಅದು. ಚಿಲ್ಲರೆ ಉಂಟಾ ಮಾರಾಯ್ರೆ?” ಎಂದು ಕೇಳಿದ. ಇರಲಿಲ್ಲ. “ಪಿರ ಬರುವಾಗ ಕೊಡಿ” ಎಂದು ಕಾಗದದ ಪೊಟ್ಟಣ ಕೈಗಿತ್ತ.

ಮೊಬೈಲ್ ಟವರ್ ದೂರವಿದ್ದುದೇ ಇದಕ್ಕೆಲ್ಲ ಕಾರಣವೆಂದು ಭಾವಿಸಿದರೆ ತಪ್ಪು. ಫೋನಿನ ತಲೆಯಲ್ಲಿ ನಾಲ್ಕು ಗೆರೆಗಳೂ ಇದ್ದವು. ಗೆರೆಗಳು ತೋರಿಸುವುದು ಟವರಿನ ದನಿ ನಮಗೆ ಎಷ್ಟು ಗಟ್ಟಿಯಾಗಿ ಕೇಳುತ್ತದೆಂಬುದನ್ನು ಮಾತ್ರ. ನಮ್ಮ ಮಾತನ್ನು ಕೇಳಲು ಅದಕ್ಕೆ ಬಿಡುವಿದೆಯೇ ಎಂಬುದನ್ನಲ್ಲ. ಮುನ್ನೂರು ಮನೆಗಳ ಗ್ರಾಮವೊಂದಕ್ಕೆಂದು ನಿಲ್ಲಿಸಿದ ಟವರಿನ ಮುಂದೆ ಒಂದೇ ಇರುಳಿಗೆ ನಾಲ್ಕೈದು ಸಾವಿರ ಜನ ಬಂದು ನಿಂತಾಗ, ಇದ್ದ ತರಂಗದ ಅಗಲವನ್ನೇ ಅದು ಎಲ್ಲರಿಗೂ ಹರಿದು ಹಂಚಬೇಕು. ಅದರಲ್ಲೂ ಫೋನಿನಿಂದ ಟವರಿಗೆ ಏರುವ ದಾರಿ ಇಳಿಯುವ ದಾರಿಗಿಂತ ಇಕ್ಕಟ್ಟಾದುದು. ಏಕೆಂದರೆ ಜನ ಸಾಮಾನ್ಯವಾಗಿ ನೋಡುವವರೇ ಹೊರತು ಕಳುಹಿಸುವವರಲ್ಲವೆಂಬ ಲೆಕ್ಕಾಚಾರದ ಮೇಲೆ ಈ ವ್ಯವಸ್ಥೆಯೆಲ್ಲ ಕಟ್ಟಲ್ಪಟ್ಟಿದೆ. ಮಹಿಷಾಸುರನು ಆ ಲೆಕ್ಕಾಚಾರವನ್ನು ಬುಡಮೇಲು ಮಾಡುತ್ತಾನೆ.

ಹಾಗಾದರೆ ನೇರಪ್ರಸಾರದವರು ಏನು ಮಾಡುತ್ತಾರೆ? ಬಿ.ಸಿ.ರೋಡಿನ ಆಸುಪಾಸಿನಲ್ಲೋ ಮೂಡುಬಿದಿರೆಯ ಪೇಟೆಯಂಚಿನಲ್ಲೋ ಆದರೆ ಗದ್ದೆಗೆ ಹತ್ತಿರದ ಯಾವುದಾದರೂ ಮನೆಗೆ ಫೈಬರ್ ಬಂದಿರುತ್ತದೆ. ಆ ಮನೆಯವರನ್ನು ಒಪ್ಪಿಸಿ, ಅಡಿಕೆಮರದಿಂದ ಅಡಿಕೆಮರಕ್ಕೆ ಕಟ್ಟುತ್ತ ಕೇಬಲ್ ಎಳೆದು ತರುತ್ತಾರೆ. ಅದು ಆಟ ಮುಗಿಯುವವರೆಗೆ ಯಾರ ಕಾಲಿಗೂ ತೊಡರದಿದ್ದರೆ ಪುಣ್ಯ. ಮೂಡುಬಿದಿರೆಯ ಕಡಲಕೆರೆಯ ಕೋಟಿ–ಚೆನ್ನಯ ಜೋಡುಕರೆಯಂಥ ದೊಡ್ಡ ಕಂಬಳಗಳಿಗೆ ಇಂಥ ಏರ್ಪಾಡು ಸುಲಭ. 2020ರ ಫೆಬ್ರುವರಿಯಲ್ಲಿ ಐಕಳದ ಕರೆಯಲ್ಲಿ ಮಿಜಾರು ಅಶ್ವತ್ಥಪುರದ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡಿನಲ್ಲಿ ಓಡಿದ ಸುದ್ದಿ ಕೆಲವೇ ದಿನಗಳಲ್ಲಿ ಜಗತ್ತನ್ನು ಸುತ್ತಿ ಬಂದ ಮೇಲಂತೂ, ಪ್ರಸಾರವಿಲ್ಲದ ಕಂಬಳವನ್ನು ಯಾರೂ ಊಹಿಸುತ್ತಿಲ್ಲ. ಇನ್ನು ಕೆಲವರು ನಾಲ್ಕಾರು ಸಿಮ್‌ಕಾರ್ಡುಗಳನ್ನು ಒಂದೇ ಚೀಲದಲ್ಲಿ ಕಟ್ಟಿ, ಒಂದು ಸೋತರೆ ಇನ್ನೊಂದು ಹೊರುವಂತೆ ಏರ್ಪಡಿಸುತ್ತಾರೆ. ಫೈಬರೂ ಇಲ್ಲದ, ಎಲ್ಲ ಸಿಮ್ಮುಗಳೂ ಒಂದೇ ಟವರಿಗೆ ತಲೆಬಾಗುವ ಘಾಟಿಬುಡದ ಗದ್ದೆಯಲ್ಲಿ ಇವೆರಡೂ ನಡೆಯವು. ಅಲ್ಲಿ ಉಳಿದಿರುವ ದಾರಿ ಒಂದೇ. ಅದು ನೆತ್ತಿಯ ಮೇಲಿನದು.

ಈ ದಾರಿ ಕನ್ನಡ ನಾಡಿಗೆ ಹೊಸತಲ್ಲ. 1975ರ ಆಗಸ್ಟ್ 1ರಿಂದ ಒಂದು ವರ್ಷ ಕಾಲ, ಅಮೆರಿಕದ ಎಟಿಎಸ್-6 ಎಂಬ ಉಪಗ್ರಹವನ್ನು ಎರವಲು ಪಡೆದು, ಆರು ರಾಜ್ಯಗಳ 2,400 ಹಳ್ಳಿಗಳಿಗೆ ನೇರವಾಗಿ ದೂರದರ್ಶನವನ್ನು ಇಳಿಸಿದ ‘ಸೈಟ್’ ಪ್ರಯೋಗದಲ್ಲಿ ನಮ್ಮ ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಇದ್ದವು. ಅಲ್ಲಿ ಆಕಾಶದ ಚಿತ್ರವನ್ನು ಹಿಡಿದುದು ಕೋಳಿಗೂಡಿಗೆ ಹಾಕುವ ತಂತಿಬಲೆಯಿಂದ ಮಾಡಿದ, ಮೂರು ಮೀಟರ್ ಅಗಲದ ಡಿಶ್. ಉಡುಪಿಯ ಬಳಿಯ ಅದಮಾರಿನಲ್ಲಿ 1932ರಲ್ಲಿ ಹುಟ್ಟಿ ಮುಂದೆ 1984ರಿಂದ ಹತ್ತು ವರ್ಷ ಇಸ್ರೋದ ಅಧ್ಯಕ್ಷರಾಗಿದ್ದ ಯು.ಆರ್. ರಾವ್ ಅವರು ಬೆಂಗಳೂರಿನ ಉಪಗ್ರಹ ಕೇಂದ್ರವನ್ನು ನಡೆಸುತ್ತಿದ್ದ ಕಾಲದಲ್ಲಿ, 1981ರ ಜೂನ್ 19ರಂದು ‘ಆ್ಯಪಲ್’ ಎಂಬ ನಮ್ಮ ಮೊದಲ ಭೂಸ್ಥಿರ ಸಂಪರ್ಕ ಉಪಗ್ರಹ ಮೇಲೇರಿತು. ಅದಕ್ಕೆ ಮುನ್ನ, ಲೋಹದ ವಾಹನದ ಮೇಲಿರಿಸಿದರೆ ಆಂಟೆನಾದ ಪರೀಕ್ಷೆಗೆ ಅಡ್ಡಿಯಾಗುವುದೆಂದು, ಅದನ್ನು ಮರದ ಎತ್ತಿನಗಾಡಿಯ ಮೇಲಿರಿಸಿ ಬಯಲಿನಲ್ಲಿ ಪರೀಕ್ಷಿಸಿದರು. ಆ ಚಿತ್ರವನ್ನು ನೋಡಿ ದೇಶದ ಬಡತನವೆಂದು ನಕ್ಕವರು ಬಹಳ ಮಂದಿ; ಅದು ಬಡತನವಾಗಿರಲಿಲ್ಲ, ಭೌತಶಾಸ್ತ್ರವಾಗಿತ್ತು.

ನಮ್ಮ ಸೀಮೆಯ ಗದ್ದೆಗಳಿಗೆ ಉಪಗ್ರಹದ ಮೊದಲ ಪರಿಚಯವಾದುದು ಸುದ್ದಿವಾಹಿನಿಗಳ ವ್ಯಾನುಗಳಿಂದ. ನೆತ್ತಿಯ ಮೇಲೆ ಮಡಚಿಟ್ಟ ದೊಡ್ಡ ಡಿಶ್ ಹೊತ್ತು ಬಂದು, ಗದ್ದೆಯ ಹುಣಿಯ ಪಕ್ಕ ಗಾಲಿಗಳಿಗೆ ಕಲ್ಲು ಕೊಟ್ಟು ನಿಂತು, ಆ ಡಿಶ್ ನಿಧಾನವಾಗಿ ಏಳತೊಡಗಿದಾಗ ಮಕ್ಕಳು ಆಟವನ್ನು ಬಿಟ್ಟು ಅದರ ಸುತ್ತ ನೆರೆಯುತ್ತಿದ್ದರು. ಅದು ನೋಡುತ್ತಿದ್ದುದು ಭೂಮಧ್ಯರೇಖೆಯ ಮೇಲೆ 35,786 ಕಿಲೋಮೀಟರ್ ಎತ್ತರದಲ್ಲಿ, ಭೂಮಿಯೊಡನೆ ಸಮಗತಿಯಲ್ಲಿ ಸುತ್ತುವುದರಿಂದ ನಮಗೆ ನಿಶ್ಚಲವಾಗಿ ನಿಂತಂತೆ ಕಾಣುವ ಉಪಗ್ರಹವೊಂದನ್ನು. ಆರ್ಥರ್ ಕ್ಲಾರ್ಕ್ ಎಂಬ ಇಂಗ್ಲಿಷ್ ಲೇಖಕ 1945ರಲ್ಲಿ ಲೇಖನವೊಂದರಲ್ಲಿ ವಿವರಿಸಿದ್ದು ಇದೇ ಕಕ್ಷೆಯನ್ನು. ಇಂದು ಅಲ್ಲಿರುವ ನಮ್ಮ ಜಿಸ್ಯಾಟ್-11, 5,854 ಕಿಲೋ ತೂಗುವ ದೈತ್ಯ, 2018ರ ಡಿಸೆಂಬರ್ 5ರಂದು ಮೇಲೇರಿದುದು. ಅದು ನಿಂತಿರುವುದು 74 ಡಿಗ್ರಿ ಪೂರ್ವ ರೇಖಾಂಶದ ಮೇಲೆ. ಮೂಡುಬಿದಿರೆ, ಬಂಟ್ವಾಳ, ಬೆಳ್ತಂಗಡಿಗಳು 75ರ ಆಚೀಚೆ ಇರುವುದರಿಂದ ಅದು ನಮಗೆ ಹೆಚ್ಚುಕಡಮೆ ನೆತ್ತಿಯ ಮೇಲೆಯೇ, ಕೊಂಚ ತೆಂಕಣಕ್ಕೆ ವಾಲಿ, ದಿಗಂತದಿಂದ ಸುಮಾರು 75 ಡಿಗ್ರಿ ಎತ್ತರದಲ್ಲಿದೆ. ಯೂರೋಪಿನ ಮನೆಗಳ ಡಿಶ್‌ಗಳು ಗೋಡೆಗೆ ಅಂಟಿಕೊಂಡು ಎದುರು ಮನೆಯ ಕಿಟಕಿಯನ್ನು ದಿಟ್ಟಿಸುತ್ತಿರುವಂತೆ ಕಾಣುತ್ತವೆ. ನಮ್ಮ ಮಾಡಿನ ಮೇಲಿನವು ಬಾಳೆಲೆಯ ಮುಂದೆ ಕುಳಿತವನ ಕೈಯಂತೆ ಅಂಗಾತ ಚಾಚಿಕೊಂಡಿರುತ್ತವೆ, ಹಾಗೂ ಅಡಿಕೆಯ ಸೋಗೆ, ಹಕ್ಕಿಯ ಹಿಕ್ಕೆ, ಮಳೆಯ ನೀರು ಮುಂತಾದ ಸಕಲ ದಾನಗಳನ್ನೂ ಸ್ವೀಕರಿಸುತ್ತವೆ.

ದೂರದ ದೋಷವೊಂದಿದೆ, ಅದು ಕಾಲದ ದೋಷ. ಬೆಳಕಿನ ವೇಗದಲ್ಲಿ ಓಡಿದರೂ ಮಾತೊಂದು ಇಲ್ಲಿಂದ ಏರಿ ಅಲ್ಲಿಂದ ಇಳಿಯುವಷ್ಟರಲ್ಲಿ ಸೆಕೆಂಡಿನ ಕಾಲುಭಾಗ ಸಂದಿರುತ್ತದೆ. ಮರುಮಾತು ಬರುವಷ್ಟರಲ್ಲಿ ಅರ್ಧ ಸೆಕೆಂಡು. ನೋಡುವವನಿಗೆ ಇದರಿಂದ ಏನೂ ಆಗದು. ಮಹಿಷಾಸುರ ಅರ್ಧ ಸೆಕೆಂಡು ತಡವಾಗಿ ಬಂದರೆ ಗಲ್ಫಿನ ಅಳಿಯನಿಗೆ ಗೊತ್ತಾಗುವುದೂ ಇಲ್ಲ. ಆದರೆ ಒಬ್ಬ ಅರ್ಥಧಾರಿ ಇಲ್ಲಿಯೂ ಇನ್ನೊಬ್ಬ ಮುಂಬಯಿಯಲ್ಲಿಯೂ ಕುಳಿತು ತಾಳಮದ್ದಲೆ ನಡೆಸಹೊರಟರೆ, ಕೃಷ್ಣನ ಕೊಂಕುಮಾತು ಕೌರವನ ಕಿವಿಗೆ ಬೀಳುವ ಮೊದಲೇ ಕೌರವನು ಮುಂದಿನ ವಾಕ್ಯವನ್ನು ಎತ್ತಿಕೊಂಡಿರುತ್ತಾನೆ. ಭಾಗವತನ ತಾಳಕ್ಕೆ ಅಲ್ಲಿಯ ಮದ್ದಲೆ ಕೂಡುವ ಮಾತಂತೂ ದೂರ.

ಈ ದೋಷವನ್ನು ಕಳೆಯುವುದಕ್ಕಾಗಿಯೇ ಉಪಗ್ರಹಗಳನ್ನು ಕೆಳಗಿಳಿಸಿದರು. ಸ್ಪೇಸ್‌ಎಕ್ಸ್ ಸಂಸ್ಥೆ 2019ರ ಮೇ ತಿಂಗಳಲ್ಲಿ ಅರವತ್ತನ್ನು ಒಟ್ಟಿಗೆ ಹಾರಿಸುವುದರೊಂದಿಗೆ ಆರಂಭವಾದ ಸ್ಟಾರ್‌ಲಿಂಕ್ ಕ್ರಮದಲ್ಲಿ ಉಪಗ್ರಹಗಳು ಸುಮಾರು 550 ಕಿಲೋಮೀಟರ್ ಎತ್ತರದಲ್ಲಿ, ಎಂದರೆ ಮೂಡುಬಿದಿರೆಯಿಂದ ಬೆಂಗಳೂರಿಗೆ ಹೋಗಿ ಬರುವುದಕ್ಕಿಂತ ಕಡಮೆ ದೂರದಲ್ಲಿ ಸಂಚರಿಸುತ್ತವೆ. ಮಾತು ಹೋಗಿ ಬರುವ ಕಾಲ ಸೆಕೆಂಡಿನ ಶತಾಂಶಗಳಿಗೆ ಇಳಿಯುತ್ತದೆ. ಆದರೆ ಕೆಳಗಿಳಿದ ಉಪಗ್ರಹ ನಿಲ್ಲಲಾರದು. ಅದು ಸೆಕೆಂಡಿಗೆ ಏಳೂವರೆ ಕಿಲೋಮೀಟರಿನಂತೆ ಓಡುತ್ತ, ಒಂದೂವರೆ ಗಂಟೆಯಲ್ಲಿ ಭೂಮಿಯನ್ನು ಸುತ್ತಿ, ನಮ್ಮ ಗದ್ದೆಯ ಮೇಲೆ ಕೆಲವೇ ನಿಮಿಷ ಕಾಣಿಸಿಕೊಂಡು ಮರೆಯಾಗುತ್ತದೆ. ಅಷ್ಟರೊಳಗೆ ಮುಂದಿನದು ಬರಬೇಕು, ಬುಡದ ಡಿಶ್ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿಯಬೇಕು.

ಹಿಡಿಯುವ ಬಗೆ ನೋಡತಕ್ಕದ್ದು. ಈ ಡಿಶ್ ಬುಟ್ಟಿಯಾಕಾರದ್ದಲ್ಲ, ಚಪ್ಪಟೆ ಹಲಗೆ. ಅದು ತಿರುಗುವುದೂ ಇಲ್ಲ. ಹಲಗೆಯೊಳಗೆ ನೂರಾರು ಪುಟ್ಟ ಆಂಟೆನಾಗಳು ಸಾಲುಸಾಲಾಗಿ ಕುಳಿತಿರುತ್ತವೆ. ನೇಜಿ ನೆಡುವ ಹೆಂಗಸರ ಸಾಲನ್ನು ನೆನೆಯಿರಿ. ಹತ್ತು ಮಂದಿಯೂ ಒಂದೇ ಏಟಿಗೆ ಒಂದೊಂದು ಹೆಜ್ಜೆ ಹಿಂದೆ ಸರಿದರೆ ಸಾಲು ಹುಣಿಗೆ ಸಮಾನಾಂತರವಾಗಿ ನೇರವಾಗಿರುತ್ತದೆ. ಎಡತುದಿಯವಳು ಮೊದಲು, ಅವಳ ಪಕ್ಕದವಳು ಕ್ಷಣ ತಡೆದು, ಅವಳಾಚೆಯವಳು ಮತ್ತೂ ಒಂದು ಕ್ಷಣ ತಡೆದು, ಹೀಗೆ ಒಬ್ಬೊಬ್ಬರೂ ಇನಿತಿನಿತು ತಡವಾಗಿ ಸರಿದರೆ, ಯಾರೊಬ್ಬರೂ ತಾವು ಮುಖ ಮಾಡಿದ ದಿಕ್ಕನ್ನು ಬದಲಿಸದೆಯೇ ಇಡಿಯ ಸಾಲು ಓರೆಯಾಗುತ್ತದೆ. ಹಲಗೆಯೊಳಗಿನ ಆಂಟೆನಾಗಳೂ ಹೀಗೆಯೇ ಒಂದಕ್ಕಿಂತ ಒಂದು ಅತ್ಯಲ್ಪ ಕಾಲ ತಡೆದು ತರಂಗವನ್ನು ಬಿಡುವುದರಿಂದ ತರಂಗದ ಮುಖವೇ ಓರೆಯಾಗಿ, ಓಡುವ ಉಪಗ್ರಹದ ಬೆನ್ನು ಹಿಡಿಯುತ್ತದೆ. ಹಲಗೆ ಅಲುಗುವುದಿಲ್ಲ, ದೃಷ್ಟಿ ಮಾತ್ರ ಅಲುಗುತ್ತದೆ.

ಇಲ್ಲಿಯೇ ನಮ್ಮ ಸೀಮೆಯ ಪ್ರಶ್ನೆ ಏಳುವುದು. ನಿಂತ ಉಪಗ್ರಹಕ್ಕೆ ಆಕಾಶದಲ್ಲಿ ಒಂದು ಕಿಂಡಿ ಸಾಕು. ಎರಡು ತೆಂಗಿನಮರಗಳ ನಡುವಿನ ಸಂದಿಯಲ್ಲೂ ಅದನ್ನು ಹಿಡಿಯಬಹುದು. ಓಡುವ ಉಪಗ್ರಹಗಳಿಗೆ ಇಡೀ ಆಕಾಶ ಬೇಕು, ನೂರು ಡಿಗ್ರಿಯಷ್ಟು ಅಗಲದ ತೆರೆದ ಗೋಪುರದಂಥದು. ಮೇಲಾಗಿ ಇವುಗಳಲ್ಲಿ ಹೆಚ್ಚಿನವು ಭೂಮಧ್ಯರೇಖೆಗೆ 53 ಡಿಗ್ರಿಯಷ್ಟು ಓರೆಯಾದ ದಾರಿಯಲ್ಲಿ ಸುತ್ತುವುದರಿಂದ, ಆ ಅಕ್ಷಾಂಶದ ಬಳಿ ತಿರುಗುವಾಗ ಅಲ್ಲಿ ಗುಂಪುಗೂಡುತ್ತವೆ, 13ನೆಯ ಅಕ್ಷಾಂಶದ ನಮ್ಮ ಮೇಲೆ ನೆಟ್ಟಗೆ ದಾಟಿಹೋಗುತ್ತವೆ. ಲಂಡನ್ನಿನವನ ತಲೆಯ ಮೇಲಿರುವಷ್ಟು ದಟ್ಟಣೆ ನಮ್ಮ ತಲೆಯ ಮೇಲಿಲ್ಲ. ದಟ್ಟಣೆ ಕಡಮೆಯಾದಲ್ಲಿ ಒಂದು ಮರದ ಮರೆಯೂ ಹೆಚ್ಚು ಕಾಡುತ್ತದೆ. ಬೆಳ್ತಂಗಡಿಯವರು ಮೂಡಣಕ್ಕೆ ನೋಡಿ, “ಕುದುರೆಮುಖವೇ ಅಡ್ಡ ನಿಂತಿದೆಯಲ್ಲ, ನಮಗೆಲ್ಲಿಯ ಉಪಗ್ರಹ?” ಎಂದು ಕೇಳಬಹುದು. ಲೆಕ್ಕ ಹಾಕಿ ನೋಡಿದರೆ, ನಾಲ್ಕು ಕಿಲೋಮೀಟರ್ ಆಚೆ ನಮಗಿಂತ 1,200 ಮೀಟರ್ ಎತ್ತರಕ್ಕೆದ್ದ ಬೆಟ್ಟವು ದಿಗಂತದಿಂದ ಮುಚ್ಚುವುದು 17 ಡಿಗ್ರಿಯನ್ನು ಮಾತ್ರ. ಹತ್ತು ಮೀಟರ್ ಆಚೆ ನಿಂತ ಹದಿನೈದು ಮೀಟರಿನ ಅಡಿಕೆಮರ 56 ಡಿಗ್ರಿಯನ್ನು ಮುಚ್ಚುತ್ತದೆ. ಪರ್ವತ ನಿರಪರಾಧಿ, ಅಪರಾಧಿ ನಾವೇ ನೆಟ್ಟ ತೋಟ.

ಹೀಗೆ ತೋಟವೂ ಕಾಡೂ ಒತ್ತಿ ನಿಂತಿರುವ ಈ ನಾಡಿನಲ್ಲಿ ತೆರೆದ ಆಕಾಶವೆಂಬುದು ಎಲ್ಲಿದೆ ಎಂದು ಹುಡುಕಹೊರಟರೆ ಮೂರೋ ನಾಲ್ಕೋ ಠಾವುಗಳು ಸಿಗುತ್ತವೆ: ಬಂಟ್ವಾಳ–ಮೂಡುಬಿದಿರೆಗಳ ನಡುವಿನ ಮುರಕಲ್ಲಿನ ಪದವುಗಳು, ಶಾಲೆಯ ಆಟದ ಬಯಲು, ಹೊಳೆಯ ಮರಳುದಿಣ್ಣೆ, ಮತ್ತು ಗುತ್ತಿನ ಮನೆಯೆದುರಿನ ಬಾಕಿಮಾರು. ಸಾವಿರ ಜನ ಕುಳಿತು ನೋಡುವುದಕ್ಕೆ, ದೊಂದಿ ಹಿಡಿದು ಓಡುವುದಕ್ಕೆ, ಕೋಣ ಓಡಿಸುವುದಕ್ಕೆ ಯಾವ ವಿಸ್ತಾರ ಬೇಕೆಂದು ಹಿರಿಯರು ಆ ಗದ್ದೆಯನ್ನು ಉಳಿಸಿಕೊಂಡರೋ ಅದೇ ವಿಸ್ತಾರವೇ ಈ ಹಲಗೆಗೂ ಬೇಕು. ಗದ್ದೆಯನ್ನು ಮಣ್ಣು ತುಂಬಿ ತೋಟ ಮಾಡಿದವರ ಮನೆಯಲ್ಲಿ ಆಟಕ್ಕೂ ಸ್ಥಳವಿಲ್ಲ, ಹಲಗೆಗೂ ಸ್ಥಳವಿಲ್ಲ.

ವಿದ್ಯುತ್ತಿನ ವಿಷಯದಲ್ಲಿ ಹೆಚ್ಚು ಹೇಳುವುದಿಲ್ಲ. ಇಂಥ ಹಲಗೆ ಉಣ್ಣುವುದು 50ರಿಂದ 75 ವ್ಯಾಟ್, ಎಂದರೆ ಒಂದು ಸೀಲಿಂಗ್ ಫ್ಯಾನಿನಷ್ಟು. ಮನೆಯ ಇನ್ವರ್ಟರಿನ 12 ವೋಲ್ಟಿನ 150 ಆ್ಯಂಪಿಯರ್-ಅವರ್ ಬ್ಯಾಟರಿಯಲ್ಲಿರುವುದು 1,800 ವ್ಯಾಟ್-ಗಂಟೆ. ಬ್ಯಾಟರಿ ಕೆಡದಂತೆ ಅರ್ಧವನ್ನೇ ಬಳಸಿದರೂ ಇರುಳು ಒಂಬತ್ತಕ್ಕೆ ಆರಂಭವಾದ ಆಟ ಬೆಳಗಿನ ಆರಕ್ಕೆ ಮುಗಿಯುವವರೆಗೆ ಧಾರಾಳವಾಗಿ ಸಾಲುತ್ತದೆ. ಆದುದರಿಂದ ಅದನ್ನು ಜನರೇಟರಿಗೆ ಸಿಕ್ಕಿಸಬಾರದು. ಜನರೇಟರು ದೀಪ, ಧ್ವನಿವರ್ಧಕ, ಐಸ್‌ಕ್ರೀಮಿನ ಪೆಟ್ಟಿಗೆಗಳ ಭಾರಕ್ಕೆ ಒಮ್ಮೆ ಏದುತ್ತ ಒಮ್ಮೆ ಹಾರುತ್ತ ಇರುವಂಥದು. ಡೀಸೆಲು ಮುಗಿದು ಎರಡು ನಿಮಿಷ ನಿಂತರೆ ರಂಗಸ್ಥಳಕ್ಕೆ ಅದು ಎರಡೇ ನಿಮಿಷ, ಹಲಗೆಗೆ ಮಾತ್ರ ಮತ್ತೆ ಎಚ್ಚೆತ್ತು ಉಪಗ್ರಹವನ್ನು ಹುಡುಕಿಕೊಳ್ಳಲು ಇನ್ನಷ್ಟು ನಿಮಿಷ. ಏಪ್ರಿಲ್–ಮೇ ತಿಂಗಳುಗಳ ಸಂಜೆಯ ಸಿಡಿಲಿನ ಸಮಯದಲ್ಲಿ ಬಯಲಿನ ನಡುವೆ ಉದ್ದದ ಕಬ್ಬಿಣದ ಕಂಬದ ತುದಿಗೆ ಇದನ್ನು ಕಟ್ಟುವುದು ಬುದ್ಧಿವಂತಿಕೆಯಲ್ಲ. ಸ್ಥಳ ತೆರೆದಿದ್ದರೆ ನೆಲದ ಮೇಲೆ, ಒಂದು ಅಕ್ಕಿಮುಡಿಯ ಎತ್ತರದಲ್ಲಿಟ್ಟರೂ ನಡೆಯುತ್ತದೆ, ದನ ಬಾರದಂತೆ ನೋಡಿಕೊಂಡರಾಯಿತು.

ಆದರೆ ಬಂದ ನೆಟ್ಟನ್ನು ಹಂಚುವುದು ಸಮಿತಿಯ ಅಧ್ಯಕ್ಷರಿಗೆ ಪರೀಕ್ಷೆ. ಇಳಿಯುವ ದಾರಿಯಲ್ಲಿ ಸೆಕೆಂಡಿಗೆ ನೂರು ಮೆಗಾಬಿಟ್ ಬಂದರೂ ಏರುವ ದಾರಿಯಲ್ಲಿ ಸಿಗುವುದು ಹತ್ತೋ ಇಪ್ಪತ್ತೋ; ಅದರಲ್ಲಿ ಒಳ್ಳೆಯ ಚಿತ್ರದ ನೇರಪ್ರಸಾರಕ್ಕೆ ಐದಾರು ಬೇಕು. ಚರುಮುರಿಯ ಇಪ್ಪತ್ತು ರೂಪಾಯಿಗೆ ಬೇಕಾಗುವುದಾದರೋ ಲೆಕ್ಕಕ್ಕೇ ಬಾರದಷ್ಟು. ಆದುದರಿಂದ ಪ್ರಸಾರಕ್ಕೆ ಒಂದು ಪಾಲನ್ನು ಕಟ್ಟಿಟ್ಟು, ಅಂಗಡಿಗಳಿಗೆ ಒಂದು, ವೈದ್ಯಕೀಯ ತುರ್ತಿಗೆ ಒಂದು ಎಂದು ಬೇರ್ಪಡಿಸಿದರೆ ಒಂದು ಹಲಗೆ ಇಡೀ ಗದ್ದೆಯನ್ನು ಸುಖವಾಗಿ ನಡೆಸೀತು. ಎಲ್ಲರಿಗೂ ಬಿಟ್ಟರೆ ಮಹಿಷಾಸುರ ಪುನಃ ನಿಂತುಬಿಡುತ್ತಾನೆ. ಪಾಸ್‌ವರ್ಡನ್ನು ಯಾರಿಗೂ ಹೇಳಕೂಡದೆಂದು ಸಮಿತಿ ತೀರ್ಮಾನಿಸಬಹುದು. ಸಮಿತಿಯವರ ಮಕ್ಕಳಿಗೆ ಅದು ಅರ್ಧ ಗಂಟೆಯೊಳಗೆ ತಿಳಿದಿರುತ್ತದೆ.

ಇಷ್ಟೂ ಹೇಳಿದುದು ಪತ್ತನಾಜೆಯ ಈಚೆಗಿನ ಮಾತು. ಪತ್ತನಾಜೆ ಕಳೆದು ಮಳೆ ಹಿಡಿಯಿತೆಂದರೆ ಉಪಗ್ರಹದ ಸ್ವಭಾವವೇ ಬೇರೆ. ಟಿ.ವಿ.ಯ ಡಿಶ್ ಇರುವ ಯಾವ ಮನೆಯವರಿಗೂ ಇದನ್ನು ವಿವರಿಸಬೇಕಾಗಿಲ್ಲ: ಪಡುವಣದಿಂದ ಕಪ್ಪಾಗಿ ಬಂದ ಮಳೆ ಹಂಚಿನ ಮೇಲೆ ಹೊಯ್ಯತೊಡಗಿದೊಡನೆ ಪರದೆಯ ಮೇಲಣ ಮುಖ ಚೌಕಚೌಕವಾಗಿ ಒಡೆದು, ಮಾತು ತೊದಲಿ, ಸಿಗ್ನಲ್ ಇಲ್ಲವೆಂಬ ಬರಹ ಬರುತ್ತದೆ, ಧಾರಾವಾಹಿಯ ಅತ್ತೆ ಸೊಸೆಗೆ ಏನೆಂದಳೆಂಬುದು ಆ ಜಡಿಯಲ್ಲಿ ಕೊಚ್ಚಿಹೋಗುತ್ತದೆ. ಟಿ.ವಿ.ಯ ಡಿಶ್ ಹಿಡಿಯುವ ತರಂಗದ ಉದ್ದ ಸುಮಾರು ಎರಡೂವರೆ ಸೆಂಟಿಮೀಟರ್. ಹೊಸ ದೊಡ್ಡ ಉಪಗ್ರಹಗಳು ಬಳಸುವ ಕಾ-ಬ್ಯಾಂಡಿನದು ಒಂದರಿಂದ ಒಂದೂವರೆ. ನಮ್ಮ ಆಷಾಢದ ದಪ್ಪಹನಿ ಅರ್ಧ ಸೆಂಟಿಮೀಟರಿನವರೆಗೂ ಇರುತ್ತದೆ. ತರಂಗದ ಉದ್ದವೂ ಹನಿಯ ಗಾತ್ರವೂ ಹೀಗೆ ಒಂದರ ಬಳಿಗೊಂದು ಬಂದಾಗ, ಹನಿಗಳು ತರಂಗವನ್ನು ಕುಡಿಯುತ್ತವೆ, ಉಳಿದುದನ್ನು ಚೆದುರಿಸುತ್ತವೆ. ಉಪಗ್ರಹ ಫೋನಿನ ತರಂಗ ಸುಮಾರು 19 ಸೆಂಟಿಮೀಟರ್ ಉದ್ದದ್ದು. ಅದಕ್ಕೆ ಮಳೆ ಇದ್ದೂ ಇಲ್ಲದಂತೆ. ಆದರೆ ಅದು ಹೊರುವ ಭಾರ ಮಾತಿನಷ್ಟೇ, ಚಿತ್ರದಷ್ಟಲ್ಲ. ಅಗಲವಾದ ದಾರಿ ಬೇಕಾದರೆ ಸಣ್ಣ ತರಂಗ, ಸಣ್ಣ ತರಂಗಕ್ಕೆ ಮಳೆಯ ಕಾಟ, ಇದರಿಂದ ಬಿಡುಗಡೆಯಿಲ್ಲ.

2019ರ ಆಗಸ್ಟಿನಲ್ಲಿ ಘಾಟಿಯ ಮೇಲೆ ಕುಂಭದ್ರೋಣ ಸುರಿದು ಚಾರ್ಮಾಡಿ, ಮಲವಂತಿಗೆ, ಮಿತ್ತಬಾಗಿಲು ಕಡೆಗಳಲ್ಲಿ ತೋಟಗಳ ಮೇಲೆ ಮರಳೂ ಮರಗಳೂ ಬಂದು ಕುಳಿತಾಗ, ಘಾಟಿರಸ್ತೆ ಕುಸಿದಾಗ, ಜನರಿಗೆ ಬೇಕಾಗಿದ್ದುದು ನೇರಪ್ರಸಾರವಲ್ಲ. ‘ಇದ್ದೇವೆ’ ಎಂಬ ಒಂದು ಮಾತನ್ನು ಹೊರಗೆ ಮುಟ್ಟಿಸುವುದು. ಅಂಥ ಮಳೆಯ ನಟ್ಟನಡುವೆ ಹಲಗೆಯಿಂದ ಆಗುವ ಪ್ರಯೋಜನ ಅಲ್ಪ. ಆದರೆ ಮಳೆ ಹೊಯ್ದು ಹೊಳವಾದ ಮರುಗಂಟೆಯಿಂದ ಅದಕ್ಕೆ ಸಮನಾದುದು ಬೇರೆ ಇಲ್ಲ. ಏಕೆಂದರೆ ಸೇತುವೆಯೊಡನೆ ಹರಿದುಹೋದ ಫೈಬರನ್ನು ಮರಳಿ ಎಳೆಯಲು ವಾರಗಳು ಬೇಕು, ಹಲಗೆಯನ್ನು ಬಿಚ್ಚಿ ನಿಲ್ಲಿಸಲು ಅರ್ಧ ಗಂಟೆ ಸಾಕು. 2022ರ ಜನವರಿ 15ರಂದು ಟೋಂಗಾ ದ್ವೀಪಗಳ ಬಳಿ ಕಡಲೊಳಗಿನ ಜ್ವಾಲಾಮುಖಿ ಸಿಡಿದು ಸಮುದ್ರದಡಿಯ ಕೇಬಲು ತುಂಡಾದಾಗ, ಅದು ಕೂಡುವವರೆಗಿನ ಐದು ವಾರ ಆ ದೇಶ ಹೊರಜಗತ್ತಿನೊಡನೆ ಮಾತಾಡಿದುದು ಉಪಗ್ರಹಗಳ ಮೂಲಕವೇ. ನೇತ್ರಾವತಿ ಹುಟ್ಟುವ ಎಳನೀರಿನ ಜನರಿಗೆ ಟೋಂಗಾದ ಕಥೆ ಅಪರಿಚಿತವೆನಿಸದು. ಬೆಳ್ತಂಗಡಿ ತಾಲೂಕಿನ ಮಲವಂತಿಗೆ ಗ್ರಾಮಕ್ಕೇ ಸೇರಿದ ಊರಾದರೂ, ದಿಡುಪೆಯಿಂದ ಕಾಡುದಾರಿಯಲ್ಲಿ ಹತ್ತಿರವೇ ಇದ್ದರೂ, ವಾಹನದಲ್ಲಿ ತಾಲೂಕು ಕಚೇರಿಗೆ ಬರಬೇಕಾದರೆ ಅವರು ಸಂಸೆ, ಕಳಸಗಳ ಕಡೆಯಿಂದ ಬೆಟ್ಟವನ್ನೇ ಸುತ್ತಿ ಬರಬೇಕು. ಅಂಥ ಊರಿನ ಶಾಲೆಯ ಬಯಲಿನಲ್ಲಿ ಒಂದು ಹಲಗೆ ಮಳೆಗಾಲವಿಡೀ ಇರಲಿ ಎಂದರೆ ಅದನ್ನು ವಿಲಾಸವೆನ್ನಲಾಗದು. ನನ್ನನ್ನು ಕೇಳಿದರೆ ಆಟಕ್ಕಿಂತ ಮೊದಲು ಅಲ್ಲಿಗೆ ಹೋಗಬೇಕು.

ಹಾಗಾದರೆ ತಂದು ನಿಲ್ಲಿಸಬಾರದೇಕೆ? ಮಹಿಷಾಸುರ ನಿಂತುಹೋದ ಮರುತಿಂಗಳೇ ಅಳಿಯ ಗಲ್ಫಿನಿಂದ ಇದನ್ನೇ ಕೇಳಿದ. “ಮಾವಾ, ಇಲ್ಲಿ ಸಣ್ಣ ಹಲಗೆ ಸಿಗ್ತದೆ, ಪೆಟ್ಟಿಗೆಯಲ್ಲಿ ಬಟ್ಟೆಯ ನಡುವೆ ಹಿಡೀತದೆ. ತರ್ಲಾ?” ಬೇಡವೆಂದೆ. ನಮ್ಮಲ್ಲಿ ಆಕಾಶದ ತರಂಗ ಸರ್ಕಾರದ ಸ್ವತ್ತು. ಪರವಾನಗಿಯಿಲ್ಲದೆ ಅದನ್ನು ಬಳಸುವುದು 2023ರ ದೂರಸಂಪರ್ಕ ಅಧಿನಿಯಮದಂತೆ ಅಪರಾಧ. ಥುರಾಯಾ, ಇರಿಡಿಯಂ ಉಪಗ್ರಹ ಫೋನುಗಳನ್ನು ಅರಿಯದೆ ಕಿಸೆಯಲ್ಲಿಟ್ಟುಕೊಂಡು ಬಂದ ಪರದೇಶದ ಪ್ರವಾಸಿಗಳು ವಿಮಾನನಿಲ್ದಾಣದಲ್ಲೇ ಸಿಕ್ಕಿಬಿದ್ದ ನಿದರ್ಶನಗಳು ಹಲವು. 2017ರಿಂದ ಬಿಎಸ್ಸೆನ್ನೆಲ್ ಇನ್ಮಾರ್‌ಸ್ಯಾಟ್ ಮೂಲಕ ನಡೆಸುವ ಸೇವೆ ಮಾತ್ರ ಅದಕ್ಕೆ ಸಮ್ಮತವಾದ ದಾರಿ. ಹಲಗೆಯ ವಿಷಯದಲ್ಲಿ ಯೂಟೆಲ್‌ಸ್ಯಾಟ್ ಒನ್‌ವೆಬ್ಬಿಗೂ ಜಿಯೋಗೂ ಪರವಾನಗಿ ಮೊದಲೇ ಸಿಕ್ಕಿತ್ತು; ಸ್ಟಾರ್‌ಲಿಂಕಿಗೆ 2025ರ ಜೂನ್‌ನಲ್ಲಿ ದೂರಸಂಪರ್ಕ ಇಲಾಖೆಯ ಪರವಾನಗಿಯೂ, ಜುಲೈಯಲ್ಲಿ ಇನ್-ಸ್ಪೇಸ್ ಸಂಸ್ಥೆಯ ಐದು ವರ್ಷಗಳ ಅನುಮತಿಯೂ ದೊರೆತವು. ಆದರೆ ನಮ್ಮಲ್ಲಿ ಪರವಾನಗಿಯೆಂಬುದು ಮದುವೆಯಲ್ಲ, ನಿಶ್ಚಿತಾರ್ಥ. ತರಂಗಾಂತರದ ಹಂಚಿಕೆ, ಭದ್ರತಾ ಪರೀಕ್ಷೆ, ದೇಶದೊಳಗಿನ ಭೂಕೇಂದ್ರಗಳು ಮುಂತಾದ ಶಾಸ್ತ್ರಗಳೆಲ್ಲ ಅನಂತರದವು. ಕಾಯಲಾರದವರಿಗೆ ಬಾಡಿಗೆಯ ವಿಸ್ಯಾಟ್, ಎಂದರೆ ನಿಂತ ಉಪಗ್ರಹವನ್ನು ನೋಡುವ ಸಣ್ಣ ಡಿಶ್, ಉಂಟು. ಜಿಸ್ಯಾಟ್-11 ಮತ್ತು 29ರ ಆಶ್ರಯದಲ್ಲಿ ಹ್ಯೂಸ್ ಕಮ್ಯುನಿಕೇಷನ್ಸ್ ಇಂಡಿಯಾ 2022ರ ಸೆಪ್ಟೆಂಬರಿನಿಂದ ನಡೆಸುತ್ತಿರುವಂಥ ನಿಂತ ಉಪಗ್ರಹದ ಸೇವೆ ಕ್ರಮಬದ್ಧವಾದುದು, ಅರ್ಧ ಸೆಕೆಂಡು ತಡವಾದುದು, ಒಂದಿರುಳಿನ ಹರಕೆಯಾಟದವರಿಗೆ ದುಬಾರಿಯೂ ಆದುದು.

ಇವಿಷ್ಟನ್ನೂ ನಾನು ಫೋನಿನಲ್ಲಿ ವಿವರಿಸಿದ ಮೇಲೆ ಅಳಿಯ ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಾಗಾದ್ರೆ ಬರುವ ವರ್ಷ ನಾನೇ ಬರ್ತೇನೆ” ಎಂದ. ಬಂದ. ಅದೇ ಗದ್ದೆ, ಅದೇ ಪ್ರಸಂಗ. ಮಹಿಷಾಸುರನ ದೊಂದಿಗಳು ಆಚೆಯ ಹುಣಿಯಲ್ಲಿ ಹೊತ್ತಿಕೊಂಡಾಗ ಅವನೂ ಎಲ್ಲರಂತೆ ಎದ್ದು ಫೋನು ಎತ್ತಿ ಹಿಡಿದ, ಯಾರಿಗೋ ಕಳುಹಿಸಹೋದ, ಹೋಗಲಿಲ್ಲ. ವೇಷವು ರಾಳದ ವಾಸನೆಯೊಡನೆ ಅವನ ಭುಜವನ್ನು ಸವರಿಕೊಂಡೇ ಹಾದುಹೋಯಿತು. ಆಮೇಲೆ ಹಸಿವಾಯಿತೆಂದು ಚರುಮುರಿ ಗಾಡಿಯ ಬಳಿ ಹೋಗಿ ಚೌಕುಳಿ ಚೀಟಿಗೆ ಫೋನು ಹಿಡಿದ. ಗಾಡಿಯವನು ಈರುಳ್ಳಿಯಿಂದ ತಲೆಯೆತ್ತಿ ಅವನನ್ನು ಬಿಟ್ಟು ನನ್ನನ್ನು ನೋಡಿದ. ನಾನು ಕಿಸೆಯಿಂದ ಐವತ್ತರ ನೋಟು ತೆಗೆದು, ಎರಡು ಪೊಟ್ಟಣಕ್ಕೆ ನಲವತ್ತು, ಉಳಿದ ಹತ್ತು ಹಿಂದಿನ ಬಾಕಿಗೆ ಎಂದೆ. “ಇನ್ನೂ ಹತ್ತು ಉಂಟು” ಎಂದ ಅವನು, ಕಾಯಿಮೆಣಸಿಗೆ ಕತ್ತಿ ಹಾಕುತ್ತ.